‘ಸಾರಾ’ ಬಿಳಿ ಅಜ್ಜಿಯ ಹೆಸರಲ್ಲ

(ಮನೆಯಲ್ಲಿರುವ ಹಳೇ ಕಾಗದ, ಫೋಟೊ, ವಂಶಾವಳಿ ಬಗ್ಗೆ ಓದುಗರ ಪ್ರಶ್ನೆಗಳು. ಈ ಸಲ ಒಂದೇ ಪತ್ರ ಮುಕ್ಕಾಲು ಜಾಗ ತಗೊಂಡಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.)

ಪ್ರಶ್ನೆ: ನನಗೆ ಅರವತ್ತು ದಾಟಿದೆ. ನಮ್ಮಮ್ಮನ ಅಮ್ಮ ಆಸ್ಟ್ರಿಯಾದ ವಿಯೆನ್ನಾದವರು, ಯಹೂದಿ. ತಾತ ಡಾಕ್ಟರು, ಹೆಚ್ಚಿನ ಓದಿಗೆ ಅಲ್ಲಿಗೆ ಹೋಗಿದ್ದಾಗ ಪರಿಚಯವಂತೆ. 1939ರಲ್ಲಿ ಅಜ್ಜಿ ಹಡಗಿನಲ್ಲಿ ಬಾಂಬೆಗೆ ಬಂದರು, ಅಲ್ಲೇ ರಿಜಿಸ್ಟರ್ ಮದುವೆ, ಆಮೇಲೆ ಮೈಸೂರು. ಬೀದಿಯವರಿಗೆಲ್ಲ ಅವರು ‘ಬಿಳಿ ಅಜ್ಜಿ’. ಸೀರೆ ಉಡುತ್ತಿದ್ದರು, ಹುಳಿ ಚೆನ್ನಾಗಿ ಮಾಡುತ್ತಿದ್ದರು, ‘ಳ’ ಮಾತ್ರ ಕೊನೆವರೆಗೂ ನಾಲಗೆಗೆ ಬರಲಿಲ್ಲ. ವಿಯೆನ್ನಾ ಬಗ್ಗೆ ಕೇಳಿದರೆ ‘ಅಲ್ಲಿ ತುಂಬಾ ಚಳಿ’ ಅಂತ ಎದ್ದು ಒಳಗೆ ಹೋಗುತ್ತಿದ್ದರು. 1983ರಲ್ಲಿ ತೀರಿಕೊಂಡರು. ಕರೆಂಟ್ ಬಿಲ್ಲಿನಿಂದ ಹಿಡಿದು ಒಂದು ಕಾಗದವನ್ನೂ ಎಸೆದವರಲ್ಲ. ಈಗ ಮನೆ ಖಾಲಿ ಮಾಡುವಾಗ ಅವರ ಟ್ರಂಕು ಸಿಕ್ಕಿತು. ಅದರಲ್ಲಿ ಕೆಂಪು ‘ಜೆ’ ಅಕ್ಷರದ ಜರ್ಮನ್ ಪಾಸ್‌ಪೋರ್ಟ್ ಇದೆ. ಧರ್ಮ ಅನ್ನೋ ಕಡೆ ‘ಮೋಸ್.’ ಅಂತ ಬರೆದ ಶಾಲೆಯ ಸರ್ಟಿಫಿಕೇಟ್ ಇದೆ. ನಾಲ್ಕು ಪುಟ ಟೈಪ್ ಮಾಡಿದ ಸಾಮಾನಿನ ಪಟ್ಟಿ ಇದೆ (ವರದಕ್ಷಿಣೆ ಪಟ್ಟಿ ಇರಬೇಕು ಅಂದುಕೊಂಡೆವು). ಬಾಂಬೆ ಮದುವೆಯ ಕಾಗದದಲ್ಲಿ ಅಜ್ಜಿ ‘ನಾನು ಯಹೂದಿ ಅಲ್ಲ’ ಎಂದು ಸಹಿ ಹಾಕಿದ್ದಾರೆ! ಅಜ್ಜಿಯ ಅಮ್ಮ ವಿಯೆನ್ನಾದಿಂದ 1942ರ ಮೇ ತಿಂಗಳಲ್ಲಿ ಕಳಿಸಿದ ರೆಡ್‌ಕ್ರಾಸ್ ಕಾಗದವೂ ಇದೆ. ಮಗ ಫೋನಿನಲ್ಲಿ ಅನುವಾದ ಮಾಡಿದ, ‘ಎಲ್ಲರೂ ಆರೋಗ್ಯ, ನಾವು ಪ್ರಯಾಣ ಹೊರಡುತ್ತಿದ್ದೇವೆ’ ಅಂತ ಇದೆಯಂತೆ. ಎಲ್ಲಿಗೆ ಹೋದರು? ಜೊತೆಗೆ 31 ಫೋಟೊ, ಯಾರ ಗುರುತೂ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಅಜ್ಜಿಯ ಹೆಸರಿನ ಜೊತೆ ‘ಸಾರಾ’ ಅಂತ ಇದೆ, ಅವರ ಅಮ್ಮನ ಹೆಸರಿನಲ್ಲೂ ‘ಸಾರಾ’ ಇದೆ. ಮನೆತನದ ಹೆಸರು ಅಂತ ನಮಗೆಲ್ಲ ಖುಷಿಯಾಯಿತು. ಮುಂದಿನ ತಿಂಗಳು ಮಗಳ ಮಗುವಿನ ನಾಮಕರಣ, ಅದೇ ಹೆಸರು ಇಡೋಣ ಅಂತಿದ್ದೇವೆ. ಅಜ್ಜಿಯ ಜೀವನ ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ? ಹೆಸರು ಪ್ರಕಟಿಸಬೇಡಿ.
– ಓದುಗರೊಬ್ಬರು, ಮೈಸೂರು

ಉತ್ತರ: ನಾಮಕರಣ ಹತ್ತಿರ ಇದೆ, ಹಾಗಾಗಿ ಮೊದಲು ಹೆಸರಿನ ವಿಷಯ. ಸ್ವಲ್ಪ ತಡೆಯಿರಿ. ‘ಸಾರಾ’ ನಿಮ್ಮಜ್ಜಿಯ ಹೆಸರಲ್ಲ, ಅವರ ಅಮ್ಮನ ಹೆಸರೂ ಅಲ್ಲ. 1938ರ ಆಗಸ್ಟ್ 17ರಂದು ನಾಜಿ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಸರ್ಕಾರವೇ ಮಾಡಿದ ‘ಯಹೂದಿ ಹೆಸರು’ಗಳ ಪಟ್ಟಿಯಲ್ಲಿ ಯಾವ ಯಹೂದಿಗಳ ಹೆಸರು ಇಲ್ಲವೋ ಅವರೆಲ್ಲ ಇನ್ನೊಂದು ಹೆಸರು ಸೇರಿಸಿಕೊಳ್ಳಬೇಕು, ಹೆಂಗಸರಾದರೆ ಸಾರಾ, ಗಂಡಸರಾದರೆ ಇಸ್ರೇಲ್. 1939ರಲ್ಲಿ ಇದು ಜಾರಿಗೆ ಬಂತು. ಆಸ್ಟ್ರಿಯಾವನ್ನು 1938ರ ಮಾರ್ಚ್‌ನಲ್ಲೇ ಹಿಟ್ಲರ್ ನುಂಗಿದ್ದರಿಂದ ವಿಯೆನ್ನಾದವರಿಗೂ ಅದೇ ಗತಿ. ಆ ಕಾಲದ ಕಾಗದ ತೆಗೆದರೆ ಅಂಗಡಿ ಕೆಲಸದ ಹುಡುಗಿಯೂ ಸಾರಾ, ಡಾಕ್ಟರಮ್ಮನೂ ಸಾರಾ. ಮನೆಯಲ್ಲಿ ಯಾರೂ ಅವರನ್ನು ಹಾಗೆ ಕರೆದಿರಲಿಕ್ಕಿಲ್ಲ. ಪಾಸ್‌ಪೋರ್ಟ್‌ನಲ್ಲಿರೋ ಕೆಂಪು ‘ಜೆ’ ಕೂಡ ಅದೇ ಜಾತಿಯದು. ಯಹೂದಿಗಳ ಪಾಸ್‌ಪೋರ್ಟ್‌ಗಳನ್ನು 1938ರ ಅಕ್ಟೋಬರ್ 5ರಂದು ರದ್ದು ಮಾಡಿ, ಈ ಅಕ್ಷರ ಒತ್ತಿದರೆ ಮಾತ್ರ ಮತ್ತೆ ಚಾಲ್ತಿ ಅಂದರು. ಗಡಿಯಲ್ಲಿ ನಿಂತವನಿಗೆ ಪುಟ ತೆಗೆದ ಕೂಡಲೇ ಗೊತ್ತಾಗಲಿ ಅಂತ.

ಹೆಸರಾಗಿ ಸಾರಾ ಚೆನ್ನಾಗೇ ಇದೆ, ಹೀಬ್ರೂ ಬೈಬಲ್‌ನಲ್ಲಿ ಅಬ್ರಹಾಮನ ಹೆಂಡತಿಯ ಹೆಸರು. ಮಗಳಿಗೆ ಇಷ್ಟವಿದ್ದರೆ ಇಡಲಿ. ಅಜ್ಜಿಯ ನೆನಪಿಗೆ ಅಂತಾದರೆ, ನನ್ನನ್ನು ಕೇಳಿದರೆ ಬೇಡ. ಅದರ ಹಿಂದೆಯೇ ಅವರ ಸ್ವಂತ ಹೆಸರಿದೆ ಅಲ್ವಾ, ಅದನ್ನಿಡಿ. ಯುರೋಪಿನ ಯಹೂದಿಗಳಲ್ಲೂ ತೀರಿಹೋದ ಅಜ್ಜಿ ತಾತನ ಹೆಸರನ್ನು ಮಗುವಿಗೆ ಇಡುವ ರೂಢಿ ಇದೆ, ಥೇಟ್ ನಮ್ಮ ಹಾಗೆ.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ಆ ಟ್ರಂಕಿನ ಅರ್ಧ ಕಾಗದ ಅಜ್ಜಿಯನ್ನು ದೇಶದಿಂದ ಹೊರಹಾಕಲು ನಿಂತವರು ಬರೆದದ್ದು. ಪ್ರತಿ ಕಾಗದ ಕೈಗೆ ತಗೊಂಡಾಗ ಮೊದಲು ‘ಇದನ್ನ ಬರೆದದ್ದು ಯಾರು, ಯಾಕೆ’ ಅಂತ ಕೇಳಿಕೊಳ್ಳಿ. ಏನು ಬರೆದಿದೆ ಅನ್ನೋದು ಆಮೇಲೆ.

ಉದಾಹರಣೆಗೆ ನಿಮ್ಮ ವರದಕ್ಷಿಣೆ ಪಟ್ಟಿ. ಅದು ವರದಕ್ಷಿಣೆ ಅಲ್ಲ. ದೇಶ ಬಿಡುವವರು ಪೆಟ್ಟಿಗೆಯಲ್ಲಿ ಏನೇನು ಇಡುತ್ತೇವೆ ಅಂತ ಚಮಚ, ಕರವಸ್ತ್ರ ಸಮೇತ ಬರೆದು ಕೊಟ್ಟು ಸರ್ಕಾರದ ಒಪ್ಪಿಗೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಕೈಯಲ್ಲಿ ಒಯ್ಯಲು ಬಿಡುತ್ತಿದ್ದ ದುಡ್ಡು 10 ಮಾರ್ಕ್. ಆಸ್ತಿವಂತರು ದೇಶ ಬಿಡೋ ತೆರಿಗೆ ಅಂತ ಕಾಲು ಭಾಗ ಆಸ್ತಿ ಕಟ್ಟಬೇಕು, ತೆರಿಗೆ ಬಾಕಿ ಇಲ್ಲ ಅನ್ನೋ ಸರ್ಟಿಫಿಕೇಟ್ ಇಲ್ಲದೆ ಯಾರೂ ಹೊರಡೋ ಹಾಗಿಲ್ಲ. ಅವರು ಹೀಗೆ ಹಿಂಡಲು ಮಾಡಿಸಿದ ಪಟ್ಟಿಯೇ ಈಗ ನಿಮ್ಮ ಕೈಯಲ್ಲಿರುವ ಅತಿ ಒಳ್ಳೆಯ ಕಾಗದ ಅಂತ ನನ್ನ ಲೆಕ್ಕ. ಫೋಟೊದಲ್ಲಿ ಎಲ್ಲರೂ ಸ್ಟುಡಿಯೊ ಬಟ್ಟೆ ಹಾಕಿ ನೆಟ್ಟಗೆ ನಿಂತಿರುತ್ತಾರೆ, ಪಟ್ಟಿಯಲ್ಲಿ ಮನೆ ಇದೆ. ತಟ್ಟೆ ಆರೋ ಹನ್ನೆರಡೋ, ಹೊಲಿಗೆ ಮಿಷನ್ ಇತ್ತಾ, ಪಿಟೀಲು ಇತ್ತಾ, ಪುಸ್ತಕ ಎಷ್ಟು, ಚಳಿಯ ಕೋಟು ತಂದರಾ (ಬಾಂಬೆಗೆ!), ಕೈಕಸಬಿನ ಸಾಮಾನೇನಾದರೂ ಇದೆಯಾ. ಇದನ್ನು ಫೋನಿನ ಅನುವಾದಕ್ಕೆ ಬಿಡಬೇಡಿ. ಜರ್ಮನ್ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ಓದಿಸಿ. ಆಮೇಲೆ ಮೈಸೂರಿನ ಮನೆಯಲ್ಲಿ ಅದರಲ್ಲಿ ಯಾವ್ಯಾವುದು ಇನ್ನೂ ಉಳಿದಿದೆ ಅಂತ ಹುಡುಕಿ. ಅಡುಗೆಮನೆ ಅಟ್ಟದಿಂದ ಶುರು ಮಾಡಿ.

‘ಮೋಸ್.’ ಬಗ್ಗೆ ಗಾಬರಿ ಬೇಡ, ನಮ್ಮ ಮೋಸ ಅಲ್ಲ ಅದು. ‘ಮೊಸಾಯಿಶ್’, ಅಂದರೆ ಮೋಸೆಸ್‌ನ ಧರ್ಮದವರು, ಯಹೂದಿ ಅಂತ. ಆಗಿನ ಆಸ್ಟ್ರಿಯಾದ ಶಾಲೆ ಕಾಗದಗಳಲ್ಲಿ ಹೀಗೇ ಬರೆಯುತ್ತಿದ್ದರು. ಅದೇ ಸರ್ಟಿಫಿಕೇಟ್‌ನಲ್ಲಿ ಊರಿನ ಹೆಸರು ಎರಡು ಕಡೆ ಇರಬಹುದು, ಒಂದು ಹುಟ್ಟಿದ ಊರು, ಇನ್ನೊಂದು ಮನೆಯವರು ಕಾನೂನಿನ ಲೆಕ್ಕದಲ್ಲಿ ಸೇರಿದ್ದ ಊರು. ಎರಡನೆಯದು ಈಗಿನ ಉಕ್ರೇನ್ ಅಥವಾ ಪೋಲೆಂಡಿನ ಯಾವುದೋ ಪೇಟೆ ಆಗಿದ್ದರೆ ಆಶ್ಚರ್ಯ ಇಲ್ಲ. ಆ ಕಡೆಯ ಗಲೀಷಿಯಾ ಪ್ರಾಂತ್ಯದಿಂದ ವಿಯೆನ್ನಾಕ್ಕೆ ಬಂದು ನೆಲೆಸಿದವರು ಜಾಸ್ತಿ, ಮೊದಲ ಮಹಾಯುದ್ಧದಲ್ಲಂತೂ ಮನೆ ಬಿಟ್ಟು ಓಡಿ ಬಂದವರೇ ಸಾವಿರಾರು. ಅಜ್ಜಿ ವಿಯೆನ್ನಾದವರೇ ಇರಬಹುದು, ಅವರ ಅಪ್ಪ ಅಲ್ಲದಿರಬಹುದು. ಗಲೀಷಿಯಾದಲ್ಲಿ ಬರೀ ಧಾರ್ಮಿಕ ಮದುವೆ ಮಾಡಿಕೊಂಡು ಸರ್ಕಾರದಲ್ಲಿ ನೋಂದಾಯಿಸದ ಜೋಡಿಗಳ ಮಕ್ಕಳಿಗೆ ಅಮ್ಮನ ಮನೆತನದ ಹೆಸರು ಅಂಟುತ್ತಿತ್ತು. ಹಾಗಾಗಿ ಒಂದು ಕಾಗದದಲ್ಲಿ ಒಂದು ಸರ್‌ನೇಮ್, ಇನ್ನೊಂದರಲ್ಲಿ ಬೇರೆ ಸರ್‌ನೇಮ್ ಕಂಡರೆ ಬೇರೆ ಮನುಷ್ಯರು ಅಂತ ಪಕ್ಕಕ್ಕಿಡಬೇಡಿ.

ಇನ್ನು ಮದುವೆ ಕಾಗದ. ಇದನ್ನು ಓದಿ ನಾನೂ ಒಂದು ಕ್ಷಣ ಸುಮ್ಮನೆ ಕೂತೆ. ಆಗ ಬ್ರಿಟಿಷ್ ಇಂಡಿಯಾದಲ್ಲಿ ಬೇರೆ ಬೇರೆ ಧರ್ಮದವರು ಮದುವೆಯಾಗಲು ಇದ್ದದ್ದು 1872ರ ವಿಶೇಷ ವಿವಾಹ ಕಾಯಿದೆ. 1923ರಲ್ಲಿ ಅದನ್ನು ತಿದ್ದಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮತಮ್ಮೊಳಗೆ ಮದುವೆಯಾಗಲು ಸಡಿಲ ಕೊಟ್ಟರು. ಆ ನಾಲ್ಕರಿಂದ ಹೊರಗಿನವರ ಜೊತೆಗಾದರೆ ಹಳೇ ಷರತ್ತೇ: ಇಬ್ಬರೂ ‘ನಾನು ಕ್ರೈಸ್ತ, ಯಹೂದಿ, ಹಿಂದೂ, ಮುಸ್ಲಿಂ, ಪಾರ್ಸಿ ಯಾವ ಧರ್ಮವನ್ನೂ ಅನುಸರಿಸುವುದಿಲ್ಲ’ ಅಂತ ಸಹಿ ಹಾಕಬೇಕು. ಅಂದರೆ ಪಕ್ಕದ ಸಹಿ ನೋಡಿ, ನಿಮ್ಮ ತಾತನೂ ‘ನಾನು ಹಿಂದೂ ಅಲ್ಲ’ ಅಂತ ಬರೆದುಕೊಟ್ಟಿರುತ್ತಾರೆ. ಆಮೇಲೆ ಮೈಸೂರಿಗೆ ಬಂದು ವರ್ಷವರ್ಷ ಸತ್ಯನಾರಾಯಣ ಪೂಜೆ ಮಾಡಿಸಿದರೋ ಇಲ್ಲವೋ ನಿಮಗೇ ಗೊತ್ತು. ಒಂದು ಸರ್ಕಾರ ‘ನೀನು ಯಹೂದಿ’ ಅಂತ ಮುದ್ರೆ ಒತ್ತಿ ಕಳಿಸಿತು, ಕೆಲವೇ ತಿಂಗಳಲ್ಲಿ ಇನ್ನೊಂದು ಸರ್ಕಾರ ‘ಅಲ್ಲ ಅಂತ ಬರೆದುಕೊಡು’ ಅಂತು. ಆ ಸಹಿ ಇಟ್ಟುಕೊಂಡು ಅಜ್ಜಿಯ ಮನಸ್ಸಿನಲ್ಲಿ ಏನಿತ್ತು ಅಂತ ತೀರ್ಮಾನಕ್ಕೆ ಬರಬೇಡಿ.

ರೆಡ್‌ಕ್ರಾಸ್ ಕಾಗದ. ಯುದ್ಧ ಶುರುವಾದ ಮೇಲೆ ಜರ್ಮನಿ ಮತ್ತು ಬ್ರಿಟಿಷ್ ಇಂಡಿಯಾ ನಡುವೆ ಅಂಚೆ ಇಲ್ಲ. ಜಿನೀವಾದ ರೆಡ್‌ಕ್ರಾಸ್ ಮೂಲಕ ಒಂದು ಫಾರಂ ಕಳಿಸಬಹುದಿತ್ತು, ಮನೆ ಸುದ್ದಿ ಮಾತ್ರ, 25 ಪದದೊಳಗೆ, ಉತ್ತರ ಅದರ ಬೆನ್ನಿಗೇ. ತಿರುಗಿಸಿ ನೋಡಿ, ಹಿಂದೆ ಅಜ್ಜಿಯ ಕೈಬರಹ ಇದೆಯಾ? ಖಾಲಿ ಇದ್ದರೆ ಈ ಫಾರಂನಲ್ಲಿ ಉತ್ತರ ಹೋಗಲಿಲ್ಲ ಅಂತ. ತಾರೀಖಿನ ಮುದ್ರೆಗಳನ್ನೂ ನೋಡಿ. ಬರೆದ ದಿನ ಮತ್ತು ಇಲ್ಲಿ ಮುಟ್ಟಿದ ದಿನದ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತಿತ್ತು.

‘ಎಲ್ಲಿಗೆ ಹೋದರು’ ಅಂತ ಕೇಳಿದ್ದೀರಿ. ಸುತ್ತಿಬಳಸದೆ ಹೇಳಿಬಿಡುತ್ತೇನೆ. 1942ರ ಮೇ ತಿಂಗಳಲ್ಲಿ ವಿಯೆನ್ನಾದ ಯಹೂದಿ ಹೆಂಗಸು ‘ಪ್ರಯಾಣ ಹೊರಡುತ್ತಿದ್ದೇವೆ’ ಅಂತ ಬರೆದರೆ ಅದು ಇಷ್ಟಪಟ್ಟು ಹೊರಟ ಪ್ರಯಾಣ ಆಗಿರಲು ಸಾಧ್ಯವೇ ಇಲ್ಲ ಅನ್ನಬಹುದು. ಆ ಬೇಸಿಗೆಯಲ್ಲಿ ಅಲ್ಲಿಂದ ಹೊರಟ ರೈಲುಗಳು ಮಿನ್ಸ್ಕ್ ಹತ್ತಿರದ ಮಾಲಿ ಟ್ರಾಸ್ಟಿನೆಟ್ಸ್, ಪೋಲೆಂಡಿನ ಇಜ್ಬಿತ್ಸಾ, ಈಗಿನ ಚೆಕ್ ದೇಶದ ಥೆರೇಸಿಯನ್‌ಸ್ಟಾಟ್ ಇಂಥ ಕಡೆಗೆ ಹೋದವು. ಯಹೂದಿಗಳನ್ನು ಕೂಡಿಹಾಕುತ್ತಿದ್ದ, ಕೊಲ್ಲುತ್ತಿದ್ದ ಜಾಗಗಳು ಅವು. ಪ್ರತಿ ರೈಲಿಗೂ ಹೆಸರಿನ ಪಟ್ಟಿ ಇತ್ತು. ಆಸ್ಟ್ರಿಯಾದ ಪ್ರತಿರೋಧ ಚಳವಳಿಯ ದಾಖಲೆ ಕೇಂದ್ರ ವಿಯೆನ್ನಾದಲ್ಲಿದೆ, ಸತ್ತ 64,000ಕ್ಕೂ ಹೆಚ್ಚು ಆಸ್ಟ್ರಿಯಾದ ಯಹೂದಿಗಳ ಹೆಸರು ಅದರ ಹುಡುಕು ಪಟ್ಟಿಯಲ್ಲಿ ಸಿಗುತ್ತದೆ. ಹುಟ್ಟಿದ ದಿನ, ಕೊನೆಯ ವಿಳಾಸ, ರೈಲು ಹೊರಟ ದಿನ ಎಲ್ಲ ಅಲ್ಲಿ ಕಾಣಬಹುದು. ರಾತ್ರಿ ಒಬ್ಬರೇ ಕೂತು ಹುಡುಕಬೇಡಿ. ಮಗ ಜೊತೆಗಿದ್ದಾಗ ಹುಡುಕಿ. ನಿಮ್ಮಮ್ಮನಿಗೆ ಹೇಳಬೇಕಾ ಬೇಡವಾ ಅನ್ನೋದನ್ನು ಅದಕ್ಕೂ ಮುಂಚೆ ಯೋಚಿಸಿ. ಬಹುಶಃ ಅವರಿಗೆ ಗೊತ್ತಿದ್ದೂ ಇರಬಹುದು.

ಒಂದು ಎಚ್ಚರ. ಕಾಗದದ ಮೇಲಿರೋ ವಿಳಾಸವನ್ನು ‘ಮುತ್ತಜ್ಜಿಯ ಮನೆ’ ಅಂತ ನಂಬಬೇಡಿ. ಆ ಹೊತ್ತಿಗೆ ಯಹೂದಿಗಳನ್ನು ಅವರ ಮನೆಗಳಿಂದ ಹೊರಹಾಕಿ, ಹೆಚ್ಚಾಗಿ ಎರಡನೇ ಜಿಲ್ಲೆ ಲಿಯೊಪೋಲ್ಡ್‌ಸ್ಟಾಟ್‌ನಲ್ಲಿ, ಒಂದೊಂದು ಮನೆಗೆ ಹಲವಾರು ಕುಟುಂಬ ತುಂಬಿಸಿದ್ದರು. ನಿಜವಾದ ಮನೆ ಬೇಕಾದರೆ ವಿಯೆನ್ನಾದ ಹಳೇ ವಿಳಾಸ ಪುಸ್ತಕ ‘ಲೇಮನ್’ ನೋಡಿ. 1859ರಿಂದ 1942ರವರೆಗಿನ ಪುಸ್ತಕಗಳನ್ನು ವಿಯೆನ್ನಾದ ನಗರ ಗ್ರಂಥಾಲಯ ಅಂತರ್ಜಾಲದಲ್ಲಿ ಇಟ್ಟಿದೆ, ದುಡ್ಡಿಲ್ಲ. ಅದರಲ್ಲಿ ಮನೆಯ ಯಜಮಾನರ ಹೆಸರು, ಕಸುಬು, ಬೀದಿ ಇರುತ್ತದೆ. ಹೆಂಡತಿ ಮಕ್ಕಳ ಹೆಸರು ಇರಲ್ಲ, ಹಾಗಾಗಿ ಅಜ್ಜಿಯ ಅಪ್ಪನ ಹೆಸರು ಬೇಕು.

ಅಪ್ಪನ ಹೆಸರು, ಅಮ್ಮನ ತವರಿನ ಹೆಸರು ಎರಡೂ ಅಜ್ಜಿಯ ಜನನ ದಾಖಲೆಯಲ್ಲಿ ಸಿಗುತ್ತದೆ. ಇಲ್ಲಿ ತುಂಬಾ ಜನ ವಿಯೆನ್ನಾದ ಮುನಿಸಿಪಾಲಿಟಿಗೆ ಬರೆದು ‘ಇಲ್ಲ’ ಅಂತ ಉತ್ತರ ತರಿಸಿಕೊಂಡು ಕೈಬಿಡುತ್ತಾರೆ. ಆಸ್ಟ್ರಿಯಾದಲ್ಲಿ 1938ರವರೆಗೂ ಜನನ ಮರಣ ಮದುವೆಗಳನ್ನು ಬರೆದಿಡುತ್ತಿದ್ದದ್ದು ಆಯಾ ಧರ್ಮದ ಸಂಸ್ಥೆಗಳು. ಯಹೂದಿಗಳದ್ದು ‘ಇಸ್ರೆಲಿಟಿಶೆ ಕುಲ್ಟುಸ್‌ಗೆಮೈಂಡೆ’, ವಿಯೆನ್ನಾದ ಯಹೂದಿ ಸಮುದಾಯದ ಸಂಸ್ಥೆ, ಈಗಲೂ ಇದೆ. ಪಾಸ್‌ಪೋರ್ಟ್‌ನಲ್ಲಿರೋ ಹುಟ್ಟಿದ ದಿನ ಹಾಕಿ ಅವರಿಗೆ ಬರೆಯಿರಿ. 1911ರವರೆಗಿನ ರಿಜಿಸ್ಟರ್‌ಗಳ ಚಿತ್ರ ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ಜಾಲತಾಣದಲ್ಲೂ ಇವೆ, ಅಜ್ಜಿಯ ಅಕ್ಕ ಅಣ್ಣಂದಿರು ಅಲ್ಲಿ ಸಿಗಬಹುದು. ರಿಜಿಸ್ಟರಿನ ಅಂಚಿನಲ್ಲಿ ‘ಸಾರಾ’ ಸೇರಿಸಿದ ಟಿಪ್ಪಣಿ, ಯುದ್ಧದ ನಂತರ ಅದನ್ನು ರದ್ದು ಮಾಡಿದ ಇನ್ನೊಂದು ಟಿಪ್ಪಣಿ ಎಷ್ಟೋ ಕಡೆ ಕಾಣುತ್ತದೆ. ಸಿಕ್ಕರೆ ಅದರ ಪ್ರತಿಯನ್ನು ಪಾಸ್‌ಪೋರ್ಟ್ ಪಕ್ಕದಲ್ಲೇ ಇಡಿ.

ಇನ್ನೂ ಎರಡು ಬಾಗಿಲು. 5,000 ಮಾರ್ಕ್‌ಗಿಂತ ಜಾಸ್ತಿ ಆಸ್ತಿ ಇದ್ದ ಯಹೂದಿಗಳೆಲ್ಲ 1938ರಲ್ಲಿ ಅದರ ವಿವರವನ್ನು ಸರ್ಕಾರಕ್ಕೆ ಬರೆದು ಸಲ್ಲಿಸಬೇಕಿತ್ತು. ವಿಯೆನ್ನಾದವರ ಆ ಫೈಲುಗಳು ಆಸ್ಟ್ರಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅಪ್ಪನ ಹೆಸರಲ್ಲಿ ಕೇಳಿ. ಜರ್ಮನಿಯ ಬಾಡ್ ಅರೋಲ್ಸನ್ ಊರಿನ ಅರೋಲ್ಸನ್ ಪತ್ರಾಗಾರದಲ್ಲಿ ಸುಮಾರು 1 ಕೋಟಿ 75 ಲಕ್ಷ ಜನರ ಬಗ್ಗೆ ಕಾಗದಗಳಿವೆ, ಮನೆಯವರು ಕೇಳಿದರೆ ಪುಕ್ಕಟೆ ಹುಡುಕಿಕೊಡುತ್ತಾರೆ, ಸ್ವಲ್ಪ ಕಾಯಬೇಕು ಅಷ್ಟೆ.

ನಮ್ಮ ಕಡೆಯ ಕಾಗದಗಳನ್ನು ಮರೆಯಬೇಡಿ. ವಿದೇಶಿಯರ ನೋಂದಣಿ ಕಾಯಿದೆ ಬಂದದ್ದೂ 1939ರಲ್ಲೇ. ಯುದ್ಧ ಶುರುವಾದಾಗ ಜರ್ಮನ್ ಪಾಸ್‌ಪೋರ್ಟ್ ಇದ್ದವರು ಬ್ರಿಟಿಷರ ಕಣ್ಣಿಗೆ ಶತ್ರು ದೇಶದವರು. ಹಿಟ್ಲರ್‌ನಿಂದ ಓಡಿಬಂದ ಯಹೂದಿಯೂ ಆ ಲೆಕ್ಕಕ್ಕೇ, ಎಂಥ ವಿಚಿತ್ರ ನೋಡಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಅಜ್ಜಿಯ ತವರಿನ ಸರ್‌ನೇಮ್ ಮತ್ತು ತಾತನ ಸರ್‌ನೇಮ್ ಎರಡನ್ನೂ ಹಾಕಿ ನೋಡಿ. ಮೈಸೂರು ಸಂಸ್ಥಾನದ ಫೈಲುಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರಿಗೆ ಹೀಗೆ ಬಂದವರಲ್ಲಿ ನಿಮ್ಮಜ್ಜಿ ಒಬ್ಬರೇ ಅಲ್ಲ. ಬರ್ಲಿನ್‌ನ ಆರ್ಕಿಟೆಕ್ಟ್ ಒಟ್ಟೊ ಕೋನಿಗ್ಸ್‌ಬರ್ಗರ್ ಅದೇ 1939ರಲ್ಲಿ ಸಂಸ್ಥಾನದ ಕೆಲಸಕ್ಕೆ ಸೇರಿದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ರನ್ನು ಅದಕ್ಕೂ ಮುಂಚೆ ಸಿ.ವಿ. ರಾಮನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡಿದ್ದರು.

ಕೊನೆಗೆ ಫೋಟೊ. ಬೆನ್ನು ನೋಡಿ. ಸ್ಟುಡಿಯೊ ಹೆಸರು, ಬೀದಿ ಇದ್ದರೆ ಅದೇ ಲೇಮನ್ ಪುಸ್ತಕದಲ್ಲಿ ಆ ಸ್ಟುಡಿಯೊ ಆ ವಿಳಾಸದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ನೋಡಿ. ಫೋಟೊ ಆ ವರ್ಷಗಳೊಳಗಿನದು ಅಂತಾಯಿತು. ಹಡಗಿನ ಫೋಟೊ ಇದ್ದರೆ ಹಿಂದೆ ನೇತುಹಾಕಿರೋ ಲೈಫ್‌ಬಾಯ್ ಟ್ಯೂಬಿನ ಮೇಲೆ ಹಡಗಿನ ಹೆಸರಿರುತ್ತದೆ. ಆಗ ಇಟಲಿಯ ಲಾಯ್ಡ್ ಟ್ರಿಯೆಸ್ಟಿನೊ ಹಡಗುಗಳು ಟ್ರಿಯೆಸ್ಟ್, ಜಿನೋವಾಗಳಿಂದ ಬಾಂಬೆಗೆ ಬರುತ್ತಿದ್ದವು, ಕಾಂಟೆ ರೊಸ್ಸೊ, ಕಾಂಟೆ ವೆರ್ದೆ ಅಂತೆಲ್ಲ ಹೆಸರು. ಪೆನ್ಸಿಲಿನಲ್ಲಿ ಏನಾದರೂ ಗೀಚಿದ್ದು ಓದಲಾಗದಿದ್ದರೆ ಅದು ಕುರೆಂಟ್ ಎಂಬ ಹಳೇ ಜರ್ಮನ್ ಕೈಬರಹ ಇರಬಹುದು. ಈಗಿನ ಜರ್ಮನ್ ಹುಡುಗರಿಗೂ ಬರಲ್ಲ, ‘ಇ’ ಅಕ್ಷರ ‘ಎನ್’ ಥರ ಕಾಣುತ್ತದೆ. ಅದನ್ನು ಓದಬಲ್ಲ ವಯಸ್ಸಾದವರು ಬೇಕು.

ಆದರೆ ಇಷ್ಟಕ್ಕೂ ಮುಂಚೆ ನಿಮ್ಮಮ್ಮ ಇದ್ದಾರಲ್ಲ? ಎಂಬತ್ತು ದಾಟಿರಬೇಕು. ಈ ಭಾನುವಾರವೇ ಐದು ಫೋಟೊ ಮಾತ್ರ ತಗೊಂಡು ಪಕ್ಕ ಕೂತುಕೊಳ್ಳಿ. ‘ಇದು ಯಾರು’ ಅಂತ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ‘ಇದು ಅಜ್ಜಿಯ ಕೋಣೆಯಲ್ಲಿ ಎಲ್ಲಿರುತ್ತಿತ್ತು, ಗೋಡೆ ಮೇಲೋ ಬೀರುವಿನಲ್ಲೋ’ ಅಂತ ಕೇಳಿ ನೋಡಿ. ವಿಯೆನ್ನಾ ಕಾಯುತ್ತದೆ.

ಮಗ ಆಸ್ಟ್ರಿಯಾ ಪಾಸ್‌ಪೋರ್ಟ್ ಸಿಗುತ್ತಾ ಅಂತ ಕೇಳಬಹುದು, ಎಲ್ಲ ಮನೆಯಲ್ಲೂ ಒಬ್ಬರು ಕೇಳುತ್ತಾರೆ. 2020ರ ಸೆಪ್ಟೆಂಬರ್‌ನಿಂದ ನಾಜಿ ಕಿರುಕುಳಕ್ಕೆ ದೇಶ ಬಿಟ್ಟವರ ನೇರ ವಂಶದವರು ಅರ್ಜಿ ಹಾಕಬಹುದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಅದು ಬಂದರೆ ಇದು ಹೋಗುತ್ತದೆ. ತಿಳಿದು ಮಾಡಲಿ.

ಪ್ರಶ್ನೆ: ನಮ್ಮ ತಂದೆಯ ತಾಯಿ ಬೆನೆ ಇಸ್ರೇಲ್ ಯಹೂದಿ ಅಂತ ಈಚೆಗೆ ತಿಳಿಯಿತು. ತವರಿನ ಅಡ್ಡಹೆಸರು ‘ಕರ್’ ಅಂತ ಮುಗಿಯುತ್ತದೆ. ಮನೆಮಾತು ಮರಾಠಿ. ಯಹೂದಿಗಳಿಗೆ ಇಂಥ ಹೆಸರು ಇರುತ್ತದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇರುತ್ತದೆ, ಅದೇ ನಿಮ್ಮ ಸುಳಿವು. ‘ಕರ್’ ತೆಗೆದುಬಿಡಿ, ಉಳಿದದ್ದು ಕೊಂಕಣದ ಹಳ್ಳಿಯ ಹೆಸರು. ರಾಯಗಡ ಜಿಲ್ಲೆಯ ನಕ್ಷೆ ಹಿಡಿದು ಹುಡುಕಿ. ಅಲ್ಲಿ ಇವರದು ಎಣ್ಣೆ ಗಾಣದ ಕಸುಬು, ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಜನ ‘ಶನಿವಾರ್ ತೇಲಿ’ ಅನ್ನುತ್ತಿದ್ದರು. ಆಮೇಲೆ ಸೈನ್ಯ, ರೈಲ್ವೆ, ಕಚೇರಿ ಕೆಲಸ ಅಂತ ಚದುರಿದರು. ಮದುವೆ ವಿವರಕ್ಕೆ ಮುಂಬೈಯ ಸಿನಗಾಗ್‌ಗಳಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ವಿಚಾರಿಸಿ. ಅಲ್ಲಿನ ಮೊದಲನೆಯದನ್ನು 1796ರಲ್ಲಿ ಕಟ್ಟಿಸಿದವರು ಸಾಮಾಜಿ ಹಸಾಜಿ ದಿವೇಕರ್, ಅಂದರೆ ಸ್ಯಾಮುಯೆಲ್ ಎಝೆಕಿಯೆಲ್. ಟಿಪ್ಪು ಸುಲ್ತಾನನ ಸೆರೆಯಿಂದ ಜೀವ ಉಳಿಸಿಕೊಂಡು ಬಂದ ಹರಕೆಗೆ ಕಟ್ಟಿಸಿದರು ಅಂತ ಅವರಲ್ಲಿ ಹೇಳಿಕೆ ಇದೆ. ನೋಡಿ, ಒಬ್ಬರಿಗೇ ಎರಡೆರಡು ಹೆಸರು, ಎರಡರಲ್ಲೂ ಹುಡುಕಬೇಕು. ಅಜ್ಜಿಯ ಸಮಾಧಿ ಗೊತ್ತಿದ್ದರೆ ಕಲ್ಲಿನ ಫೋಟೊ ತೆಗೆಯಿರಿ. ಹೀಬ್ರೂ ಸಾಲಿನಲ್ಲಿ ಸಾಮಾನ್ಯವಾಗಿ ‘ಇಂಥವರ ಮಗಳು’ ಅಂತ ಅಪ್ಪನ ಹೆಸರಿರುತ್ತದೆ.

ಪ್ರಶ್ನೆ: 1930ರ ಫೋಟೊ, ಪತ್ರಗಳು ಹರಿಯುತ್ತಿವೆ. ಜೆರಾಕ್ಸ್ ಅಂಗಡಿಯವರು ಲ್ಯಾಮಿನೇಶನ್ ಮಾಡಿಸಿ ಅನ್ನುತ್ತಾರೆ. ಮಾಡಿಸಲಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ಬಿಸಿಗೆ ಫೋಟೊ ಹಾಳಾಗುತ್ತದೆ, ಆಮೇಲೆ ಬಿಡಿಸಲೂ ಬರಲ್ಲ. ಸೆಲ್ಲೋಟೇಪೂ ಬೇಡ, ಅಂಟಿನ ಹಾಳೆ ಇರುವ ಆಲ್ಬಮ್ಮೂ ಬೇಡ. ಎರಡೂ ಬದಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಬೆನ್ನು ಖಾಲಿ ಇದ್ದರೂ ಮಾಡಿ. ಹೆಸರು ಬರೆಯೋದಾದರೆ ಮೆತ್ತನೆ ಪೆನ್ಸಿಲಿನಲ್ಲಿ, ಹಿಂದೆ, ಅಂಚಿನಲ್ಲಿ. ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿಟ್ಟು ಒಳಕೋಣೆಯ ಬೀರುವಿನಲ್ಲಿಡಿ. ಶಿವಮೊಗ್ಗದ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಬೂಷ್ಟು ಬಂದಿದೆಯಾ ನೋಡಿ, ಬಂದಿದ್ದರೆ ಉಳಿದವುಗಳಿಂದ ತಕ್ಷಣ ಬೇರೆ ಇಡಿ.